ಮಗುವಿನ ಮುನಿಸಿಗೂ ಒಂದು ಅಧ್ಯಯನ ಬೇಕು

ಮಾನಸಿಕ ಆರೋಗ್ಯದ ವಿಷಯದಲ್ಲಿ ಇಡೀ ದೇಶ ನಮ್ಮ ಸೀಮೆಯ ಕಡೆ ನೋಡಿದ ಕಾಲವೊಂದಿತ್ತು. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಆಗಿನ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮನೋರೋಗದ ಚಿಕಿತ್ಸೆಯನ್ನು ಹಳ್ಳಿಗಳಿಗೇ ಒಯ್ದಿತು. ಹೊಸಪೇಟೆ, ಸಂಡೂರು, ಆಗ ಹೊಸಪೇಟೆ ತಾಲ್ಲೂಕಿನಲ್ಲೇ ಇದ್ದ ಕಂಪ್ಲಿ ಎಲ್ಲವೂ ಆ ಜಿಲ್ಲೆಯೊಳಗಿದ್ದವು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಆ ಪ್ರಯೋಗವೇ 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಈಗ ಜಿಲ್ಲೆ ಎರಡಾಗಿದೆ. ಆ ಹೆಮ್ಮೆ ಮಾತ್ರ ಎರಡೂ ಕಡೆಯವರದು.

ಆ ಮಾದರಿ ಮುಖ್ಯವಾಗಿ ತೀವ್ರ ಮನೋರೋಗ, ಮೂರ್ಛೆರೋಗ, ಬುದ್ಧಿಮಾಂದ್ಯಗಳನ್ನು ನೋಡಿತು. ಅವತ್ತಿನ ತುರ್ತು ಅದೇ ಆಗಿತ್ತು. ಕಾಯಿಲೆಯಿಲ್ಲದ ಮಗುವಿನ ಅಳು, ಹಠ, ನಾಚಿಕೆ, ಅಂಜಿಕೆ ಹೇಗೆ ಹುಟ್ಟಿ ಹೇಗೆ ಬೆಳೆಯುತ್ತವೆ ಎಂಬುದು ಅದರ ಲೆಕ್ಕದಲ್ಲಿರಲಿಲ್ಲ. ಮಕ್ಕಳ ಬುದ್ಧಿಯನ್ನು ಅಳೆಯುವ ಕೆಲಸ ಕನ್ನಡ ನಾಡಿನಲ್ಲಿ ಬಹಳ ಹಿಂದೆಯೇ ಶುರುವಾಗಿತ್ತು. ಧಾರವಾಡದಲ್ಲಿ ವಿ.ವಿ. ಕಾಮತ್ ಅವರು 1930ರ ದಶಕದಲ್ಲಿ ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸಿದರು. ಕಾಯಿಲೆಯ ಎಣಿಕೆಯೂ ನಡೆದಿದೆ. ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಬೆಂಗಳೂರಿನ ಬಡಾವಣೆ, ಕೊಳೆಗೇರಿ, ಸುತ್ತಲಿನ ಹಳ್ಳಿಗಳ 2,064 ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನೂರಕ್ಕೆ ಸುಮಾರು ಹನ್ನೆರಡು ಮಕ್ಕಳಿಗೆ ಮನಸ್ಸಿನ ತೊಂದರೆಯಿತ್ತು. ಉಳಿದ ಎಂಬತ್ತೆಂಟು ಮಕ್ಕಳ ಮನಸ್ಸಿನ ಮಾತೇನು?

ಕಾಲುವೆಗೆ ನೀರು ಬಿಟ್ಟು ಕಂಪ್ಲಿ ಕಡೆ ಭತ್ತದ ನಾಟಿ ಶುರುವಾದ ದಿನಗಳಲ್ಲಿ ಯಾವುದಾದರೂ ಸರ್ಕಾರಿ ಶಾಲೆಯ ಪಡಸಾಲೆಯಲ್ಲಿ ಒಂದು ಗಂಟೆ ಕೂತು ನೋಡಬೇಕು. ತಾಯಿ ನಸುಕಿಗೇ ಗದ್ದೆಗೆ ಹೋಗಿರುತ್ತಾಳೆ. ಎಂಟು ವರ್ಷದ ಅಕ್ಕ ತಮ್ಮನನ್ನು ಸೊಂಟಕ್ಕೇರಿಸಿಕೊಂಡು ತರಗತಿಗೆ ಬರುತ್ತಾಳೆ. ಅವನು ಅಳಲು ಶುರುಮಾಡಿದರೆ ಮೊದಲು ಕಿವಿಯಲ್ಲಿ ಏನೋ ಹೇಳುತ್ತಾಳೆ, ಆಮೇಲೆ ಕಣ್ಣು ಬಿಟ್ಟು ಗದರುತ್ತಾಳೆ, ಅದಕ್ಕೂ ಜಗ್ಗದಿದ್ದರೆ ತನ್ನ ಕೈಬಳೆ ತೆಗೆದು ಅವನಿಗೆ ಕೊಡುತ್ತಾಳೆ. ಅಳುವ ಮಗುವನ್ನು ಸಮಾಧಾನ ಮಾಡುವ ಬಗೆಯನ್ನು ಅವಳು ಎಲ್ಲಿಂದ ಕಲಿತಳು? ತನಗೇ ಅಳು ಬಂದಾಗ ಯಾರ ಹತ್ತಿರ ಹೋಗುತ್ತಾಳೆ? ಇವು ಸಂಶೋಧನೆಯ ಪ್ರಶ್ನೆಗಳು. ನಮ್ಮ ಊರುಗಳಲ್ಲೇ ಉತ್ತರ ಹುಡುಕಬೇಕಾದವು.

ತಾಯಿ-ಮಗುವಿನ ಬಾಂಧವ್ಯದ ಬಗ್ಗೆ ಜಗತ್ತಿಗೆ ತಿಳಿಹೇಳಿದ ಮೇರಿ ಐನ್ಸ್‌ವರ್ತ್ ಈ ಕೆಲಸ ಆರಂಭಿಸಿದ್ದು ಅಮೆರಿಕದ ಪ್ರಯೋಗಾಲಯದಲ್ಲಲ್ಲ, 1950ರ ದಶಕದ ಉಗಾಂಡದ ಹಳ್ಳಿ ಮನೆಗಳಲ್ಲಿ. ತಿಂಗಳುಗಟ್ಟಲೆ ಆ ಮನೆಗಳಿಗೆ ಹೋಗಿ ಕೂತು, ತಾಯಂದಿರ ಜೊತೆ ಮಾತಾಡುತ್ತ, ಶಿಶುಗಳನ್ನು ಗಮನಿಸಿ ಬರೆದಿಟ್ಟರು. ನೇಪಾಳದ ಹಳ್ಳಿಗಳಲ್ಲಿ ಪಮೇಲಾ ಕೋಲ್ ಮತ್ತು ಸಂಗಡಿಗರು ಮಾಡಿದ ಕೆಲಸ ನಮಗೆ ಇನ್ನೂ ಹತ್ತಿರದ್ದು. ಮಗು ಸಿಟ್ಟು ಮಾಡಿದರೆ ಅಲ್ಲಿನ ತಮಾಂಗ್ ಸಮುದಾಯದ ಹಿರಿಯರು ಗದರುತ್ತಾರೆ, ನಾಚಿ ಕುಗ್ಗಿದರೆ ಹತ್ತಿರ ಕರೆದು ಸಮಾಧಾನ ಹೇಳುತ್ತಾರೆ. ಬ್ರಾಹ್ಮಣ ಮನೆಗಳಲ್ಲಿ ಸಿಟ್ಟಾದ ಮಗುವನ್ನು ರಮಿಸುತ್ತಾರೆ, ನಾಚಿಕೆಯನ್ನು ಗಮನಿಸದೆ ಬಿಡುತ್ತಾರೆ. 2006ರಲ್ಲಿ ಪ್ರಕಟವಾದ ಈ ಅಧ್ಯಯನ ಓದಿದಾಗಿನಿಂದ ನನಗೆ ಸಂಡೂರಿನ ಶಾಲೆಗಳದ್ದೇ ಯೋಚನೆ. ಅಲ್ಲಿ ತಾಂಡಾದ ಮಗು, ಗಣಿ ಕಾರ್ಮಿಕರ ಮಗು, ರೈತರ ಮಗು ಒಂದೇ ಬೆಂಚಿನಲ್ಲಿ ಕೂರುತ್ತವೆ. ಒಬ್ಬ ಮೇಷ್ಟರು ಮೂವರಿಗೂ ಒಂದೇ ಧ್ವನಿಯಲ್ಲಿ ಗದರಿದರೆ ಮೂವರಿಗೂ ಅದು ಒಂದೇ ರೀತಿ ತಟ್ಟುತ್ತದೆ ಎಂದು ನಾನು ನಂಬುವುದಿಲ್ಲ.

ಸಂಡೂರಿನ ವಿಚಾರ ಬಂದರೆ ಗಣಿಯನ್ನು ಬಿಟ್ಟು ಮಾತಾಡಲಾಗದು. ಅದಿರಿನ ಬೆಲೆ ಏರಿದ ವರ್ಷಗಳಲ್ಲಿ ಎಲ್ಲೆಲ್ಲಿಂದಲೋ ಬಂದ ಕುಟುಂಬಗಳು ಗುಡ್ಡದ ಬುಡದಲ್ಲಿ ಗುಡಿಸಲು ಹಾಕಿದವು, ಮಕ್ಕಳೂ ಅದಿರು ಒಡೆದರು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಎಷ್ಟೋ ಕುಟುಂಬಗಳು ಮತ್ತೆ ಗಂಟುಮೂಟೆ ಕಟ್ಟಿದವು. ಅದೇ ವರ್ಷದ ಜುಲೈನಲ್ಲಿ ಹಂಪಿ ಬಜಾರಿನ ಮನೆಗಳು ನೆಲಸಮವಾದವು. ಮನೆ ಉರುಳುವುದನ್ನು ನೋಡಿ ನಿಂತಿದ್ದ ಐದಾರು ವರ್ಷದ ಮಕ್ಕಳು ಈಗ ಇಪ್ಪತ್ತರ ಹರೆಯದವರು. ಆ ದಿನ ತಮಗೇನಾಯಿತು ಎಂದು ಸ್ವತಃ ಹೇಳಬಲ್ಲರು. ಗುಳೆ ಹೋದ ಅಪ್ಪ-ಅವ್ವನನ್ನು ಕಾಯುತ್ತ ಅಜ್ಜಿಯ ಹತ್ತಿರ ಬೆಳೆಯುವ ಮಕ್ಕಳಂತೂ ನಮ್ಮ ತಾಂಡಾಗಳಲ್ಲಿ ಈಗಲೂ ಇದ್ದಾರೆ.

ಅವರ ಹತ್ತಿರ ಹೋಗುವ ದಾರಿ ಪ್ರಶ್ನಾವಳಿಯದ್ದಲ್ಲ. ಮನೆಯಲ್ಲಿ ಲಂಬಾಣಿ ಮಾತಾಡುವ ಮಗುವನ್ನು ಪುಸ್ತಕದ ಕನ್ನಡದಲ್ಲಿ ‘ನಿನಗೆ ಏನನಿಸುತ್ತದೆ’ ಎಂದು ಕೇಳಿದರೆ ಅದು ತಲೆ ತಗ್ಗಿಸುತ್ತದೆ. ಮಗು ಭಾವನೆ ತೋರಿಸುವುದಿಲ್ಲ ಎಂದು ಬರೆದುಕೊಂಡು ಬರುವುದು ಅನ್ಯಾಯ. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಜಾನಪದ, ಬುಡಕಟ್ಟು ಅಧ್ಯಯನದ ವಿಭಾಗಗಳಿವೆ. ಕ್ಷೇತ್ರಕಾರ್ಯ ಅಲ್ಲಿಯವರಿಗೆ ಹೊಸದಲ್ಲ. ಜೋಗುಳಗಳನ್ನು ಸಂಗ್ರಹಿಸಿದ ನಮ್ಮ ವಿದ್ವತ್ತು ಅವನ್ನು ಕೇಳುತ್ತ ಮಲಗುವ ಮಗುವಿನ ಕಡೆಗೂ ತಿರುಗಲಿ. ಮನೋವಿಜ್ಞಾನಿಗಳೂ ಜಾನಪದದವರೂ ಒಟ್ಟಿಗೆ ಕೂತರೆ ಬಳ್ಳಾರಿಯಿಂದ ಇನ್ನೊಂದು ಮಾದರಿ ಹುಟ್ಟುವುದು ಸಾಧ್ಯ. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿದ ‘ಕೂಸಿನ ಮನೆ’ಗಳು ಈ ಕೆಲಸ ಆರಂಭಿಸಲು ತಕ್ಕ ಜಾಗ.

ಅಂಗನವಾಡಿ ಕಾರ್ಯಕರ್ತೆಯರಲ್ಲಿ, ಶಿಕ್ಷಕರಲ್ಲಿ, ಅಜ್ಜಿ-ತಾತಂದಿರಲ್ಲಿ ನಮ್ಮದೊಂದು ಕೋರಿಕೆ. ಒಂದು ಮಗು ಯಾಕೆ ಮುನಿಸಿಕೊಂಡಿತು, ಯಾರು ಏನು ಮಾಡಿದಾಗ ಸಮಾಧಾನವಾಯಿತು ಎಂಬುದನ್ನು ನೋಡಿದ ಹಾಗೆ ಬರೆದು ಕಳಿಸಿ. ಮಗುವಿನ ಹೆಸರು, ಊರು ಬೇಡ. ಭಾಷೆ ನಿಮ್ಮ ಮನೆಯದ್ದೇ ಇರಲಿ, ನಾವು ತಿದ್ದುವುದಿಲ್ಲ. ಮುಂದಿನ ಸಂಚಿಕೆಯಿಂದ ಅದಕ್ಕಾಗಿ ಪುಟ ಮೀಸಲಿಟ್ಟಿದ್ದೇವೆ.