ಊರಿಗೆ ಬಂದವರು ಯಾರ್ಯಾರ ಮನೆಗೆ ಹೋದರು?

ಗಲ್ಫಿನ ಶಾಲೆಗಳಿಗೆ ರಜೆ ಸಿಗುವುದು ಜೂನ್ ಕೊನೆಗೆ, ಇಲ್ಲವೇ ಜುಲೈಗೆ. ಆ ಹೊತ್ತಿಗೆ ನಮ್ಮೂರಲ್ಲಿ ಶಾಲೆ ಶುರುವಾಗಿ ತಿಂಗಳಾಗಿರುತ್ತದೆ, ಮಳೆ ಬಿಡುವುದಿಲ್ಲ. ಟ್ರಾಲಿಂಗ್ ನಿಷೇಧ ಜುಲೈ 31ರವರೆಗೆ ಇರುವುದರಿಂದ ಒಳ್ಳೆಯ ಮೀನೂ ಇಲ್ಲ. ವಿಮಾನದ ಟಿಕೆಟಿಗೆ ದರ ಏರುವುದೂ ಅದೇ ದಿನಗಳಲ್ಲಿ. ಇಷ್ಟೆಲ್ಲ ಇದ್ದರೂ ದಮ್ಮಾಮ್, ಜುಬೈಲ್, ದುಬೈ, ಮಸ್ಕತ್‌ನಲ್ಲಿರುವ ನಮ್ಮ ಸಂಸಾರಗಳು ಪೆಟ್ಟಿಗೆ ಕಟ್ಟಿಕೊಂಡು ಬಜ್ಪೆಯಲ್ಲಿ ಬಂದು ಇಳಿಯುತ್ತವೆ. ಯಾಕೆ ಬಂದದ್ದು ಎಂದು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ಮನೆಯವರನ್ನು, ಕುಟುಂಬದವರನ್ನು ನೋಡಲಿಕ್ಕೆ.

ಇದು ಸಣ್ಣ ವಿಷಯ ಅಲ್ಲ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡರು, ಉಳಿದದ್ದು ಎಂಟೇ ಮಂದಿ. ಅದರಲ್ಲಿ ಎಷ್ಟೋ ಜನ ರಜೆಯಲ್ಲಿ ಊರಿಗೆ ಹೊರಟವರು. ಅವರನ್ನು ಕಾದು ಕುಳಿತಿದ್ದ ಮನೆಗಳು ನಮ್ಮ ಓದುಗರ ನೆರೆಹೊರೆಯಲ್ಲೇ ಇವೆ. ಊರಿಗೆ ಬಂದು ಮುಟ್ಟುವುದೆಂದರೆ ಏನೆಂದು ಆ ಮನೆಯವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಬಂದು ಮುಟ್ಟಿದವರು ಆ ಮೂವತ್ತು ದಿನ ಎಂತ ಮಾಡುತ್ತಾರೆ? ನಮಗೆ ಕೇಳಬೇಕೆನಿಸಿದ ಪ್ರಶ್ನೆ ಇದು.

ಪ್ರತಿವರ್ಷ ರಜೆಯ ಸಮಯದಲ್ಲಿ ಮಸೀದಿಯ ಜಗಲಿಯಲ್ಲಿ ಯಾರಾದರೊಬ್ಬರು ನಮ್ಮ ಹತ್ತಿರ ಕೇಳುವುದುಂಟು: "ಉಸ್ತಾದರೇ, ನಾವು ಒಂದು ತಿಂಗಳಿಗೆ ಬಂದದ್ದಲ್ಲವಾ, ಮುಸಾಫಿರ್ ಲೆಕ್ಕವಾ? ಜಂಅ್, ಕಸ್ರ್ ಮಾಡಬಹುದಾ?" ನಮ್ಮ ಶಾಫಿಈ ಮದ್ಹಬಿನಲ್ಲಿ ಇದಕ್ಕೆ ಉತ್ತರ ಸುಲಭ. ಬಂದ ದಿನ, ಹೊರಡುವ ದಿನ ಬಿಟ್ಟು ನಾಲ್ಕು ದಿನ ಒಂದು ಕಡೆ ನಿಲ್ಲುವ ನಿಯ್ಯತ್ ಇದ್ದರೆ ಪ್ರಯಾಣಿಕನ ರಿಯಾಯಿತಿ ಇಲ್ಲ, ನಮಾಝ್ ಪೂರ್ತಿ ಮಾಡಬೇಕು. ಕೇಳಿದವರು ಒಪ್ಪಿಕೊಂಡು ಹೋಗುತ್ತಾರೆ. ಆದರೆ ಸಂಬಂಧಿಕರ ಮನೆಗೆ ಹೋದಾಗ ಅವರೇ ಪಕ್ಕಾ ಪ್ರಯಾಣಿಕರಾಗಿಬಿಡುತ್ತಾರೆ. ಬಾಡಿಗೆ ಕಾರು ಸ್ಟಾರ್ಟ್‌ನಲ್ಲೇ ಇರುತ್ತದೆ. ಡಬ್ಬದ ಹಾಲಿನ ಪುಡಿ, ಚಾಕ್ಲೆಟ್, ಒಂದು ಅತ್ತರ್ ಬಾಟ್ಲಿ ಇರುವ ತೊಟ್ಟೆ ಟೀಪಾಯಿ ಮೇಲೆ ಇಟ್ಟಾಗುತ್ತದೆ. ಒಂದು ಗ್ಲಾಸ್ ಶರಬತ್ತು, ಒಂದು ಫೋಟೊ. "ಬರ್ತೇವೆ ಮೂತಮ್ಮ, ಇನ್ನೂ ನಾಲ್ಕು ಮನೆ ಉಂಟು." ಒಂದೇ ದಿನದಲ್ಲಿ ಫರಂಗಿಪೇಟೆ, ಪಾಣೆಮಂಗಳೂರು, ಉಪ್ಪಿನಂಗಡಿ, ಪುತ್ತೂರು ಎಲ್ಲ ಮುಗಿಸಿ ರಾತ್ರಿ ವಾಪಸು.

ಹಿಂದೆ ಹೀಗೆ "ಭೇಟಿ" ಕೊಡುವ ಅಗತ್ಯವೇ ಇರಲಿಲ್ಲ. ನಮ್ಮಲ್ಲಿ ಮದುವೆಯಾದ ಗಂಡು ಹೆಂಡತಿಯ ಮನೆಗೆ ಹೋಗಿ ನಿಲ್ಲುವ ಕ್ರಮ ಇತ್ತು, ಕೆಲವು ಕಡೆ ಈಗಲೂ ಉಂಟು. ಮಗು ಬೆಳೆಯುತ್ತಿದ್ದದ್ದು ಉಮ್ಮನ ಮನೆಯಲ್ಲಿ. ಅಜ್ಜಿ ಅಲ್ಲೇ, ಮೂತಮ್ಮ, ಎಳೆಮ್ಮ ಅಲ್ಲೇ, ಮಾಮ ಸಂಜೆಗೆ ಬಂದು ಹೋಗುವವರು. ಒಂದೇ ಪಾತ್ರೆಯ ಗಂಜಿ ಕುಡಿದವರಿಗೆ ಯಾರು ಯಾರಿಗೆ ಏನಾಗಬೇಕೆಂದು ಬೇರೆ ಪಾಠ ಬೇಕಾಗಿರಲಿಲ್ಲ. ಆಮೇಲೆ ಗಂಡಸರು ದುಡಿಯಲಿಕ್ಕೆ ಹೊರಟರು. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅದಕ್ಕೆ ಮೊದಲಿನವರು ಬಸ್ಸಿನಲ್ಲಿ ಬೊಂಬಾಯಿಗೆ ಹೋಗಿ, ಅಲ್ಲಿ ಏಜೆಂಟನ ಕೋಣೆಯಲ್ಲಿ ದಿನಗಟ್ಟಲೆ ಕಾದು ವಿಮಾನ ಹತ್ತಿದವರು. ಎರಡು ಮೂರು ವರ್ಷಕ್ಕೊಮ್ಮೆ ಬರುತ್ತಿದ್ದರು. ಪತ್ರ ಬರಲಿಕ್ಕೆ ವಾರಗಟ್ಟಲೆ ಬೇಕು. ಕೆಲವರು ಕ್ಯಾಸೆಟಿನಲ್ಲಿ ತಮ್ಮ ಮಾತು ತುಂಬಿಸಿ ಕಳಿಸುತ್ತಿದ್ದರು, ಅದನ್ನು ಮನೆಮಂದಿಯೆಲ್ಲ ಸುತ್ತ ಕುಳಿತು ಮತ್ತೆ ಮತ್ತೆ ಕೇಳುತ್ತಿದ್ದರು. ಆದರೆ ಬಂದರೆಂದರೆ ತಿಂಗಳುಗಟ್ಟಲೆ ನಿಲ್ಲುತ್ತಿದ್ದರು. ಮಾಮನ ಮನೆಯಲ್ಲಿ ಎರಡು ರಾತ್ರಿ, ಉಪ್ಪನ ತಂಗಿಯ ಮನೆಯಲ್ಲಿ ಎರಡು ರಾತ್ರಿ.

ಈಗಿನವರನ್ನು ಪೂರ್ತಿ ದೂರುವುದು ನ್ಯಾಯ ಅಲ್ಲ. ಕಂಪೆನಿ ಕೊಡುವುದು ಮೂವತ್ತು ದಿನದ ರಜೆ. ಅದರಲ್ಲಿ ಎರಡು ಮದುವೆ, ಉಮ್ಮನ ಕಣ್ಣಿನ ಆಪರೇಷನ್, ಆಧಾರ್, ಬ್ಯಾಂಕು, ಮನೆಯ ಸೋರುವ ಮಾಡು. ಸಂಬಂಧಿಕರ ಕಡೆಯಿಂದಲೂ ತಪ್ಪಿಲ್ಲವೆಂದಲ್ಲ. "ಅವರಿಗೆ ಫೋನ್ ತಂದಿದ್ದಾನೆ, ನಮಗೆ ಬರೀ ಸೋಪು" ಎಂಬ ಮಾತು ಗಂಡ ಹೆಂಡಿರನ್ನು ಎಷ್ಟು ಹಿಂಡುತ್ತದೆಂದು ನಮಗೆ ಗೊತ್ತುಂಟು. ಸಾಲ ಮಾಡಿ ಪೆಟ್ಟಿಗೆ ತುಂಬಿಸಿದವರಿದ್ದಾರೆ, ಕೊಡಲಿಕ್ಕೆ ಇಲ್ಲವೆಂದು ಊರಿಗೆ ಬರುವುದನ್ನೇ ಮುಂದೆ ಹಾಕಿದವರಿದ್ದಾರೆ. ತೊಟ್ಟೆ ಇಲ್ಲದೆ ಬಂದ ಅಳಿಯನನ್ನು ಮೊದಲಿನ ಹಾಗೇ ಕೂರಿಸಿ, ಇದ್ದ ಪತ್ತಿರ್, ಇದ್ದ ಪದಾರ್ಥ ಬಡಿಸುವ ಮನೆ ಇದ್ದರೆ ಅವನು ಇನ್ನೊಮ್ಮೆ ಖಂಡಿತ ಬರುತ್ತಾನೆ.

ಇನ್ನು ಮಕ್ಕಳು. ರಜೆಯಲ್ಲಿ ಕೆಲವು ಮಕ್ಕಳನ್ನು ನಮ್ಮ ಮದ್ರಸಕ್ಕೆ ನಾಲ್ಕು ದಿನ ತಂದು ಕೂರಿಸುತ್ತಾರೆ. ಖುರ್‌ಆನ್ ಓದು ಚೆಂದ, ಕೆಲವರದ್ದು ನಮ್ಮ ಮಕ್ಕಳಿಗಿಂತ ಚೆಂದ. ಇಂಗ್ಲಿಷ್ ಅಂತೂ ಕೇಳುವುದೇ ಬೇಡ. ಆದರೆ ಪಕ್ಕದಲ್ಲಿ ಕುಳಿತ ಹುಡುಗ ತನ್ನ ಮಾಮನ ಮಗ ಎಂದು ಗೊತ್ತಿಲ್ಲ. ಮನೆಯಲ್ಲಿ ಎಲ್ಲರೂ "ಅಂಕಲ್", "ಆಂಟಿ". ಮೂತಮ್ಮ ಬೇರೆ, ಎಳೆಮ್ಮ ಬೇರೆ, ಮಾಮಿ ಬೇರೆ; ಒಬ್ಬೊಬ್ಬರ ಹತ್ತಿರ ಮಗುವಿಗೆ ಒಂದೊಂದು ಬಗೆಯ ಸಲಿಗೆ. ಅದನ್ನು ವಾಟ್ಸ್‌ಆ್ಯಪ್ ವೀಡಿಯೊದಲ್ಲಿ ಕಲಿಸಲಿಕ್ಕೆ ಆಗುವುದಿಲ್ಲ. ಬ್ಯಾರಿ ಭಾಷೆಗೆ 2007ರಲ್ಲಿ ಸರಕಾರ ಅಕಾಡೆಮಿ ಕೊಟ್ಟಿತು, ಸಂತೋಷ. ಆದರೆ ಅಜ್ಜಿ ಬ್ಯಾರಿಯಲ್ಲಿ ಕೇಳಿದ್ದಕ್ಕೆ ಮೊಮ್ಮಗ ಉಮ್ಮನ ಮುಖ ನೋಡಿದರೆ ಅಕಾಡೆಮಿ ಎಂತ ಮಾಡೀತು? ಆ ಮಗುವನ್ನು ಎರಡು ರಾತ್ರಿ ಮಾಮನ ಮನೆಯಲ್ಲಿ ಬಿಟ್ಟು ಬನ್ನಿ ಎನ್ನುತ್ತೇವೆ ನಾವು. ಎಸಿ ಇಲ್ಲ, ಸೊಳ್ಳೆ ಉಂಟು, ವೈಫೈ ಇಲ್ಲ. ಮೊದಲ ರಾತ್ರಿ ಅಳುತ್ತದೆ. ಎರಡನೇ ದಿನ ಹಲಸಿನ ಹಣ್ಣಿನ ಮೇಣ ಕೈಗೆ ಮೆತ್ತಿಕೊಂಡು, ಕರೆಯಲು ಹೋದರೆ ಬರಲಿಕ್ಕಿಲ್ಲ.

ಇತ್ತೀಚೆಗೆ ಹಾಲ್ ಬುಕ್ ಮಾಡಿ ಕುಟುಂಬ ಸಂಗಮ ನಡೆಸುವ ಕ್ರಮ ಬಂದಿದೆ. ಒಳ್ಳೆಯದೇ. ವೇದಿಕೆ, ಶಾಲು, ಬಿರಿಯಾನಿ ಎಲ್ಲ ಇರಲಿ. ಆದರೆ ನಡೆಯಲಾರದ ಹಿರಿಯರು ಅಲ್ಲಿಗೆ ಬರುವುದಿಲ್ಲ, ಮುನಿಸಿಕೊಂಡವರೂ ಬರುವುದಿಲ್ಲ. ನೋಡಲೇಬೇಕಾದವರು ಈ ಇಬ್ಬರೇ.

ಮುನಿಸಿನ ಮೂಲ ಹೆಚ್ಚಿನ ಕಡೆ ಪಾಲು. ಐದು ಸೆಂಟ್ಸ್ ಜಾಗ, ಒಂದು ಬಾವಿ, ದಾರಿಯ ಅಗಲ. ಕಾಂಪೌಂಡ್ ಗೋಡೆಯ ಆಚೆ ಅಣ್ಣ, ಈಚೆ ತಮ್ಮ. ತಮ್ಮ ಸಮುದ್ರ ದಾಟಿ ಬಂದಿದ್ದಾನೆ, ಗೋಡೆ ದಾಟುವುದಿಲ್ಲ. ಬಂದವರ ಮನೆಗೆ ಮಾತ್ರ ತಿರುಗಿ ಹೋಗುವುದು ಲೆಕ್ಕ ಚುಕ್ತಾ ಮಾಡಿದ ಹಾಗೆ, ಕಡಿದುಕೊಂಡವರ ಬಾಗಿಲಿಗೆ ಹೋಗುವುದೇ ಸಿಲತುರ್ರಹ್ಮ್ ಎಂದು ಹದೀಸಿನ ಪಾಠದಲ್ಲಿ ಸಣ್ಣ ಮಕ್ಕಳಿಗೆ ನಾವು ಕಲಿಸುತ್ತೇವೆ. ಅವರ ಉಪ್ಪಂದಿರಿಗೂ ಅದು ಗೊತ್ತು.

ಇದಕ್ಕಿಂತ ಕಷ್ಟದ ಮಾತೊಂದುಂಟು, ಅದನ್ನೂ ಬರೆದೇ ಬಿಡುತ್ತೇವೆ. ಪಾಲು ಕೊಡದ ತಂಗಿಯ ಮನೆ. ಉಪ್ಪ ತೀರಿ ಹತ್ತು ವರ್ಷ ಆಗಿರುತ್ತದೆ, ಜಾಗ ಗಂಡುಮಕ್ಕಳ ಕೈಯಲ್ಲಿ. ತಂಗಿ ಬಾಯಿಬಿಟ್ಟು ಕೇಳುವುದಿಲ್ಲ. ಕೇಳಿದರೆ ಅಣ್ಣ ಬರುವುದು ನಿಲ್ಲಿಸಿಯಾನು, ತವರಿನ ಬಾಗಿಲು ಮುಚ್ಚೀತು ಎಂಬ ಹೆದರಿಕೆ. "ಅವಳಿಗೆ ಬೇಡವಂತೆ" ಎಂದು ಅಣ್ಣಂದಿರು ಅದನ್ನೇ ಒಪ್ಪಿಗೆ ಮಾಡಿಕೊಳ್ಳುತ್ತಾರೆ. ಹೆದರಿ ಸುಮ್ಮನಿದ್ದದ್ದು ಒಪ್ಪಿಗೆ ಅಲ್ಲ. ಅವಳ ಮನೆಗೆ ಹೋದಾಗ ಕೊಡುವ ಅತ್ತರ್ ಬಾಟ್ಲಿ ನಿಮ್ಮ ಉಡುಗೊರೆ, ಪಾಲು ಅವಳ ಹಕ್ಕು. ಒಂದರ ಲೆಕ್ಕದಲ್ಲಿ ಇನ್ನೊಂದು ಸಲ್ಲುವುದಿಲ್ಲ. ಅವಳ ಕೈಗೆ ಕೊಟ್ಟ ಮೇಲೆ ಅವಳು ಮನಸ್ಸಾರೆ ತಿರುಗಿ ಕೊಟ್ಟರೆ ಅದು ಬೇರೆ ಮಾತು.

ಇಂಥ ಮಾತುಕತೆಯನ್ನು ಹೊರಡುವ ಹಿಂದಿನ ರಾತ್ರಿಗೆ ಇಟ್ಟುಕೊಂಡು, ತೂಕ ಮಾಡುವ ಪೆಟ್ಟಿಗೆಗಳ ನಡುವೆ ಗಟ್ಟಿ ಧ್ವನಿಯಲ್ಲಿ ಮಾತಾಡಿ, ಅರ್ಧಕ್ಕೆ ಬಿಟ್ಟು ವಿಮಾನ ಹತ್ತುವವರೇ ಹೆಚ್ಚು. ಮೊದಲ ವಾರದಲ್ಲೇ ಕುಳಿತುಕೊಳ್ಳಿ. ಜಮಾಅತಿನ ಒಬ್ಬ ಹಿರಿಯರು, ಜಾಗದ ಕಾಗದಪತ್ರ ತಿಳಿದವರೊಬ್ಬರು, ತಂಗಿಯ ಕಡೆಯಿಂದ ಅವಳು ಹೇಳಿದವರೊಬ್ಬರು ಇರಲಿ. ಅಳತೆ ಬೇಕಿದ್ದರೆ ಅರ್ಜಿ ಹಾಕಿಯೇ ಹೋಗಿ. ಬಾಯಿಮಾತು ಸಾಲದು, ಬರೆದಿಡಿ.

ಈ ವರ್ಷ ಬಂದವರಲ್ಲಿ ಹಲವರಿಗೆ ಇನ್ನೂ ಎರಡು ಮೂರು ವಾರ ಉಂಟು. ಮಳೆ ಇದ್ದರೂ ಬಸ್ಸು ಓಡುತ್ತದೆ. ಗಲ್ಫಿಗೆ ಹೋದವರು ಯಾರೂ ಇಲ್ಲದ ಮನೆಗೆ ಮೊದಲು ಹೋಗಿ, ಮಕ್ಕಳನ್ನು ಕರಕೊಂಡು ಹೋಗಿ, ಊಟಕ್ಕೆ ಕರೆದರೆ ಕುಳಿತುಕೊಳ್ಳಿ. ಮದ್ರಸ ಬೆಳಗ್ಗೆ 7 ಗಂಟೆಗೆ ಶುರು. ಮಾಮನ ಮನೆಯಲ್ಲಿ ಮಲಗಿದ ಮಕ್ಕಳು ಮಾಮನ ಮಕ್ಕಳೊಟ್ಟಿಗೆ ನಡೆದುಕೊಂಡೇ ಬರಲಿ, ಬೆಂಚಿನಲ್ಲಿ ಜಾಗ ಉಂಟು.