ಸತ್ತ ಕಾನೂನಿನ ಕೈ

ಜಾರ್ಜ್ ಆರ್ವೆಲ್ಲನ ‘೧೯೮೪’ ಕಾದಂಬರಿ ಪ್ರಕಟವಾದದ್ದು ೧೯೪೯ರಲ್ಲಿ. ಅದನ್ನು ಓದಿದವರು ಇಂದಿನ ಸರ್ಕಾರಗಳಲ್ಲಿ ಹುಡುಕುವುದು ಗೋಡೆಯ ಮೇಲಿನ ಕಣ್ಣನ್ನು. ಅದಕ್ಕಿಂತ ಭಯಂಕರವಾದ ಸಂಗತಿಯೊಂದು ಅಲ್ಲಿದೆ: ವಿನ್‌ಸ್ಟನ್ ದಿನಚರಿ ಬರೆಯಬಾರದೆಂಬ ಕಾನೂನೇ ಇಲ್ಲ, ಬರೆದರೆ ಶಿಕ್ಷೆ ಮಾತ್ರ ತಪ್ಪದು!

ನಮ್ಮಲ್ಲಿ ಆದದ್ದೇನು? ಅಂತರ್ಜಾಲದಲ್ಲಿ ಕಿರಿಕಿರಿಯಾಗುವಂತೆ ಬರೆದವರನ್ನು ಸೆರೆಗೆ ತಳ್ಳಬಲ್ಲ ೬೬-ಎ ಕಲಮನ್ನು ಸುಪ್ರೀಂ ಕೋರ್ಟು ೨೦೧೫ರಲ್ಲಿ ರದ್ದುಮಾಡಿತು. ಆಮೇಲೂ ಪೊಲೀಸರು ಅದರಡಿಯಲ್ಲೇ ಮೊಕದ್ದಮೆ ಹೂಡುತ್ತಿದ್ದರು. ೨೦೨೨ರಲ್ಲಿ ಕೋರ್ಟು ಮತ್ತೊಮ್ಮೆ ತಡೆಯಬೇಕಾಯಿತು.

‘ಪಾಪ, ಪೇದೆಗಳ ಅಜ್ಞಾನ’ ಎನ್ನುವವರುಂಟು. ಏಳು ವರ್ಷ ಯಾರೂ ತಿದ್ದದ ಅಜ್ಞಾನ ಅಧಿಕಾರಕ್ಕೆ ಒಗ್ಗಿದ ಅಜ್ಞಾನವೇ ಸರಿ. ಅಲ್ಲಿ ಕಾನೂನಿಲ್ಲದೆ ಶಿಕ್ಷೆ. ಇಲ್ಲಿ ಸತ್ತ ಕಾನೂನಿನಿಂದ ಶಿಕ್ಷೆ. ಠಾಣೆಯ ಬೆಂಚಿನ ಮೇಲೆ ಕುಳಿತವನಿಗೆ ಈ ವ್ಯತ್ಯಾಸ ಯಾವ ಸಮಾಧಾನ ತಂದೀತು?