ಕಾಟನ್ ಎಂದರೆ ಹತ್ತಿಯಲ್ಲ



ಹತ್ತಿ ಅಂಡಿಗೆಗಳನ್ನು ನೋಡುತ್ತಲೇ ಬೆಳೆದ ಆದವಾನಿಯ ಮಕ್ಕಳನ್ನು ‘ಕಾಟನ್ ಎಂದರೇನು?’ ಎಂದು ಕೇಳಿದರೆ, ಯೋಚಿಸದೆ ‘ಹತ್ತಿ’ ಎನ್ನುತ್ತಾರೆ. ಉತ್ತರ ಸರಿಯೇ. ಆದರೆ ಗೋದಾವರಿಗೆ ಅಣೆಕಟ್ಟು ಕಟ್ಟಿದ ಕಾಟನ್ ದೊರೆ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯ ಕಾಟನ್, ಗುವಾಹಟಿಯ ಕಾಟನ್ ಕಾಲೇಜಿನ ಕಾಟನ್, ಈ ಯಾರ ಹೆಸರಿನಲ್ಲೂ ಹತ್ತಿ ಇಲ್ಲ.

ಹತ್ತಿ ಎಂಬ ಅರ್ಥದ ಕಾಟನ್ ಶಬ್ದ ಅರಬ್ಬಿ ಭಾಷೆಯಿಂದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದದ್ದು. ಮನೆತನದ ಹೆಸರಾದ ಕಾಟನ್ ಬೇರೆ. ಹಳೆಯ ಇಂಗ್ಲಿಷಿನಲ್ಲಿ ‘ಕೊಟ್’ ಎಂದರೆ ಗುಡಿಸಲು. ‘ಕಾಟೇಜ್’ ಎಂಬ ಮಾತಿಗೂ ಅದೇ ಬೇರು. ಇಂಗ್ಲೆಂಡಿನಲ್ಲಿ ಕಾಟನ್, ಕೋಟನ್ ಎಂಬ ಹಳ್ಳಿಗಳು ಹಲವಿವೆ. ‘ಗುಡಿಸಲುಗಳಿರುವ ಜಾಗ’ ಎಂಬುದೇ ಅವುಗಳ ಅರ್ಥ. ಅಂಥ ಊರುಗಳಿಂದ ಹೊರಟು ಬೇರೆ ಕಡೆ ನೆಲೆನಿಂತವರನ್ನು ಜನ ಕಾಟನ್ ಎಂದು ಕರೆದರು. ನಮ್ಮಲ್ಲಿ ಊರಿನ ಹೆಸರು ಇನಿಶಿಯಲ್ಲಾಗಿ ಸೇರಿಕೊಳ್ಳುವುದಿಲ್ಲವೇ, ಹಾಗೆಯೇ. ಅಂದರೆ ಕಾಟನ್ ಎಂದರೆ ‘ಗುಡಿಸಲಿನ ಕಡೆಯವನು’.

ಈ ಮಾತು ಎತ್ತಲು ಕಾರಣವಿದೆ. ದೀಕ್ಷಾಸ್ನಾನದ ರಿಜಿಸ್ಟರು ತೆರೆದಾಗ, ಶಾಲೆಯ ಅರ್ಜಿಗೆ ಸಹಿ ಕೇಳಲು ಬಂದಾಗ ‘ಫಾದರ್, ಮನೆ ಹೆಸರು ಬರೆಯಲೇಬೇಕೇ?’ ಎಂದು ಕೇಳುವವರನ್ನು ನಾವು ಆಗಾಗ ಕಾಣುತ್ತೇವೆ. ಗಡಿಯಾಚೆ ನೆಲೆಸಿದ ನಮ್ಮ ಕನ್ನಡ ಕುಟುಂಬಗಳಿಗೆ ಈ ತೊಡಕು ಸ್ವಲ್ಪ ಹೆಚ್ಚು. ತೆಲುಗು ಶಾಲೆಯಲ್ಲಿ ‘ಇಂಟಿ ಪೇರು’ ಮುಂದೆ ಬರುತ್ತದೆ. ಕರ್ನಾಟಕದ ಕಾಲೇಜಿಗೆ ಹೋದರೆ ಅದು ಬರೀ ಇನಿಶಿಯಲ್ ಆಗುತ್ತದೆ. ಪಾಸ್‌ಪೋರ್ಟಿನಲ್ಲಿ ಕೊನೆಗೆ ಹೋಗಿ ಕೂರುತ್ತದೆ. ಇದು ಕಾಗದದ ತೊಡಕು, ಇನ್ನೊಂದು ಕಾಗದದಿಂದ ಸರಿಹೋಗುತ್ತದೆ. ಕಾಗದದಿಂದ ಸರಿಹೋಗದ ತೊಡಕು ಬೇರೆ ಇದೆ. ಹೆಸರು ಹೇಳಿದ ಕೂಡಲೇ ಎದುರಿಗಿರುವವರು ‘ಓ, ಇವರು ಇಂಥವರು’ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ಆ ನೋಟಕ್ಕೆ ಹೆದರಿ ಹುಡುಗರು ಅಜ್ಜನ ಹೆಸರನ್ನೇ ಬಿಟ್ಟುಬಿಡಲು ನೋಡುತ್ತಾರೆ. ಹೆಸರಿಗೆ ನಿಜವಾಗಿ ಎಷ್ಟು ಬಲವಿದೆ ಎಂದು ತಿಳಿಯಲು ‘ಗುಡಿಸಲಿನ ಕಡೆಯವರ’ ಕೆಲವು ಕಥೆಗಳನ್ನು ನೋಡೋಣ. ಇವರೆಲ್ಲ ಒಂದೇ ಮನೆಯವರಲ್ಲ. ಹೆಸರು ಮಾತ್ರ ಒಂದು.

ಮೊದಲನೆಯವರು ಸರ್ ರಾಬರ್ಟ್ ಕಾಟನ್ (1571–1631). ಎಂಟನೇ ಹೆನ್ರಿ ರಾಜನು 1536ರಿಂದ 1540ರವರೆಗೆ ಇಂಗ್ಲೆಂಡಿನ ಸನ್ಯಾಸಿ ಮಠಗಳನ್ನು ಮುಚ್ಚಿಸಿದಾಗ, ಶತಮಾನಗಳಿಂದ ಕೈಯಲ್ಲಿ ಬರೆದಿಟ್ಟ ಪುಸ್ತಕಗಳು ದಿಕ್ಕಾಪಾಲಾದವು. ಅವನ್ನು ಹುಡುಕಿ ಕೂಡಿಸಿದವರಲ್ಲಿ ರಾಬರ್ಟ್ ಕಾಟನ್ ಪ್ರಮುಖರು. ಸುಮಾರು 1,300 ವರ್ಷಗಳ ಹಿಂದೆ ಲಿಂಡಿಸ್‌ಫಾರ್ನ್ ಮಠದಲ್ಲಿ ಬರೆದ ಚಿತ್ರಭರಿತ ಶುಭಸಂದೇಶದ ಪುಸ್ತಕ ಉಳಿದು ಬಂದದ್ದು ಇವರ ಸಂಗ್ರಹದಲ್ಲಿ. ಆ ಪುಸ್ತಕದ ಲತೀನ್ ಸಾಲುಗಳ ನಡುವೆ 10ನೇ ಶತಮಾನದಲ್ಲಿ ಆಲ್ಡ್ರೆಡ್ ಎಂಬ ಗುರು ಹಳೆಯ ಇಂಗ್ಲಿಷಿನಲ್ಲಿ ಅರ್ಥ ಬರೆದಿಟ್ಟರು. ಇಂದು ಉಳಿದಿರುವ ಇಂಗ್ಲಿಷ್ ಶುಭಸಂದೇಶಗಳಲ್ಲಿ ಅದೇ ಅತ್ಯಂತ ಹಳೆಯದು. 1215ರ ಮ್ಯಾಗ್ನಾ ಕಾರ್ಟಾದ ನಾಲ್ಕು ಪ್ರತಿಗಳು ಉಳಿದಿವೆ. ಅವುಗಳಲ್ಲಿ ಎರಡು ಇವರ ಸಂಗ್ರಹದವು. ಹಳೆಯ ಕಾಗದಗಳಲ್ಲಿ ತನ್ನ ಅಧಿಕಾರಕ್ಕೆ ವಿರುದ್ಧವಾದ ಮಾತುಗಳು ಸಿಕ್ಕಾವೆಂದು ಹೆದರಿದ ಒಂದನೇ ಚಾರ್ಲ್ಸ್ ರಾಜನು 1629ರಲ್ಲಿ ಆ ಪುಸ್ತಕಶಾಲೆಗೆ ಬೀಗ ಜಡಿಸಿದನು. ತಮ್ಮ ಪುಸ್ತಕಗಳು ಮತ್ತೆ ಕೈಸೇರುವ ಮೊದಲೇ, 1631ರಲ್ಲಿ, ಕಾಟನ್ ತೀರಿಕೊಂಡರು. ಮುಂದೆ ಮೊಮ್ಮಗನ ಕಾಲದಲ್ಲಿ ಇಡೀ ಸಂಗ್ರಹ ರಾಷ್ಟ್ರಕ್ಕೆ ಸಂದಿತು. 1731ರ ಬೆಂಕಿಯಲ್ಲಿ ಕೆಲವು ಪುಸ್ತಕಗಳು ಬೂದಿಯಾದವು, ಹಲವು ಅಂಚು ಸೀದು ಉಳಿದವು. ಉಳಿದವು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಅದೇ ಕಾಲದ ಇನ್ನೊಬ್ಬರು ಜಾನ್ ಕಾಟನ್ (1585–1652). ಇವರು ಪ್ಯೂರಿಟನ್ ಬೋಧಕರು. 1633ರಲ್ಲಿ ಇಂಗ್ಲೆಂಡ್ ಬಿಟ್ಟು ಅಮೆರಿಕದ ಬಾಸ್ಟನ್ ಸೇರಿದರು. ಇವರ ಮಗಳು ತನ್ನ ಮಗನಿಗೆ ತವರಿನ ಹೆಸರನ್ನೇ ಮೊದಲ ಹೆಸರಾಗಿ ಇಟ್ಟಳು: ಕಾಟನ್ ಮೇದರ್. ತಾತನ ಕೀರ್ತಿ ಮೊಮ್ಮಗನ ತಲೆಯ ಮೇಲೆ ಹೀಗೆ ಬಂದು ಕೂತಿತು. ಮೇದರ್ ದೊಡ್ಡ ಪಂಡಿತರಾದರು, ನೂರಾರು ಪುಸ್ತಕಗಳನ್ನು ಬರೆದರು. ಆದರೆ ಅವರ ಬದುಕಿನಲ್ಲಿ ಜೀವ ಉಳಿಸಿದ ಅರಿವು ತಾತನ ಮನೆತನದಿಂದ ಬಂದದ್ದಲ್ಲ.

ಅವರ ಮನೆಯಲ್ಲಿ ಆಫ್ರಿಕದಿಂದ ಹಿಡಿದು ತಂದ ಒಬ್ಬ ಗುಲಾಮನಿದ್ದನು. ಅವನ ಹುಟ್ಟುಹೆಸರು ಯಾರಿಗೂ ಗೊತ್ತಿಲ್ಲ. ಮೇದರ್ ಅವನಿಗೆ ಬೈಬಲಿನಿಂದ ಒಂದು ಹೆಸರು ಕೊಟ್ಟರು: ಒನೇಸಿಮ. ಸಂತ ಪೌಲರು ಫಿಲೆಮೋನನಿಗೆ ಬರೆದ ಪುಟ್ಟ ಪತ್ರವನ್ನು ಓದಿದವರಿಗೆ ಈ ಹೆಸರು ಪರಿಚಿತ. ‘ಉಪಯುಕ್ತ’ ಎಂದು ಅದರ ಅರ್ಥ. ಈ ಒನೇಸಿಮ ತನ್ನ ಒಡೆಯನಿಗೆ ಒಂದು ಸಂಗತಿ ತಿಳಿಸಿದನು. ತನ್ನ ನಾಡಿನಲ್ಲಿ ಸಿಡುಬಿನ ಕೀವನ್ನು ಚೂರು ತೆಗೆದು ಆರೋಗ್ಯವಂತನ ಚರ್ಮಕ್ಕೆ ಗೀರು ಹಾಕಿ ಹಚ್ಚುತ್ತಾರೆ, ಆಮೇಲೆ ಅವನಿಗೆ ದೊಡ್ಡ ಸಿಡುಬು ಬರುವುದಿಲ್ಲ ಎಂದನು; ತನ್ನ ತೋಳಿನ ಕಲೆಯನ್ನೂ ತೋರಿಸಿದನು. 1721ರಲ್ಲಿ ಬಾಸ್ಟನ್ನಿಗೆ ಸಿಡುಬು ನುಗ್ಗಿದಾಗ ಮೇದರ್ ಈ ವಿಧಾನವನ್ನು ವೈದ್ಯರ ಮುಂದಿಟ್ಟರು. ಗುಲಾಮನ ಮಾತು ಎಂದು ಹಲವರು ಹೀಯಾಳಿಸಿದರು. ಬಾಯ್ಲ್‌ಸ್ಟನ್ ಎಂಬ ಒಬ್ಬ ವೈದ್ಯರು ಮಾತ್ರ ಧೈರ್ಯ ಮಾಡಿದರು. ರೋಗ ತಾನಾಗಿ ತಗಲಿದ ಸುಮಾರು 5,900 ಜನರಲ್ಲಿ 844 ಮಂದಿ ಸತ್ತರು. ಹೀಗೆ ಗೀರು ಹಾಕಿಸಿಕೊಂಡ ಸುಮಾರು 240 ಮಂದಿಯಲ್ಲಿ ಸತ್ತವರು 6 ಜನ. ಲೆಕ್ಕ ನೀವೇ ಹಾಕಿರಿ. ಮನೆತನದ ಹೆಸರೂ ಇಲ್ಲದ, ಸ್ವಂತ ಹೆಸರೂ ಉಳಿಯದ ಒಬ್ಬನು ಊರಿಗೇ ಉಪಯುಕ್ತನಾದನು.

ಈಗ ನಮ್ಮ ಕಡೆಗೆ ಬರೋಣ. ಸರ್ ಆರ್ಥರ್ ಕಾಟನ್ (1803–1899) ಹದಿನೆಂಟನೆಯ ವಯಸ್ಸಿನಲ್ಲಿ ಮದ್ರಾಸಿಗೆ ಬಂದ ಸೇನಾ ಎಂಜಿನಿಯರು. ಮೊದಲು ಕಾವೇರಿ ಬಯಲಿನಲ್ಲಿ ಕೆಲಸ ಮಾಡಿದರು. ಅಲ್ಲಿ ಕರಿಕಾಲ ಚೋಳನ ಕಾಲದ್ದೆಂದು ಹೇಳುವ ಕಲ್ಲಣೈ ಕಟ್ಟೆಯನ್ನು ಕಂಡು ಬೆರಗಾದರು. ಬುಡವೇ ಸಿಗದ ಮರಳಿನ ಮೇಲೆ ನೂರಾರು ವರ್ಷ ನಿಲ್ಲುವ ಕಟ್ಟೆ ಕಟ್ಟುವುದು ಹೇಗೆ ಎಂಬುದನ್ನು ತಾವು ಕಲಿತದ್ದು ಆ ಹಳೆಯ ಕಟ್ಟೆಗಾರರಿಂದ ಎಂದು ಮುಂದೆ ಅವರೇ ಬರೆದರು. ಆಳುವ ಜನಾಂಗದವರೊಬ್ಬರು ಆಳಿಸಿಕೊಂಡವರ ಪೂರ್ವಿಕರನ್ನು ಗುರುವೆಂದು ಒಪ್ಪಿಕೊಂಡದ್ದು ಸಣ್ಣ ಮಾತಲ್ಲ.

ಆ ವಿದ್ಯೆ ಗೋದಾವರಿಯಲ್ಲಿ ಕೆಲಸಕ್ಕೆ ಬಂತು. 1830ರ ದಶಕದಲ್ಲಿ ಅಲ್ಲಿ ಬರಗಾಲ ಜನರನ್ನು ನುಂಗಿತ್ತು. 1839ರಲ್ಲಿ ಚಂಡಮಾರುತ ಕಡಲನ್ನೇ ಊರೊಳಗೆ ತಂದಿತ್ತು. ನದಿ ತುಂಬಿ ಹರಿಯುತ್ತಿದ್ದರೂ ಹೊಲಕ್ಕೆ ನೀರಿರಲಿಲ್ಲ. 1847ರಿಂದ 1852ರವರೆಗೆ ಸಾವಿರಾರು ಕೂಲಿಗಳೊಡನೆ ಕಾಟನ್ ಧವಳೇಶ್ವರದಲ್ಲಿ ಅಣೆಕಟ್ಟು ಕಟ್ಟಿದರು. ಬರದ ನಾಡು ಭತ್ತದ ಕಣಜವಾಯಿತು. ಹಳೆಯ ಕಟ್ಟೆಯ ಬದಲಿಗೆ ಎದ್ದ ಈಗಿನ ಬ್ಯಾರೇಜಿಗೂ ಅವರದೇ ಹೆಸರು. ಗೋದಾವರಿ ಜಿಲ್ಲೆಗಳ ಊರೂರಿನಲ್ಲಿ ಅವರ ಪ್ರತಿಮೆಗಳಿವೆ.

ನಮ್ಮ ಹೊಲಗಳಿಗೂ ಅವರ ಹೆಸರಿಗೂ ನಂಟಿದೆ. ತುಂಗಭದ್ರೆಯ ನೀರನ್ನು ಬಳ್ಳಾರಿ ಸೀಮೆಯ ಒಣನೆಲಕ್ಕೆ ತಿರುಗಿಸಬೇಕೆಂಬ ಯೋಚನೆಯನ್ನು 1860ರ ಸುಮಾರಿಗೇ ಮುಂದಿಟ್ಟವರು ಇವರು. ಅದು ಕೈಗೂಡಲು ಹೊಸಪೇಟೆಯ ಅಣೆಕಟ್ಟು ಮುಗಿಯುವ 1953ರವರೆಗೆ ಕಾಯಬೇಕಾಯಿತು. ಇಂದು ಆದವಾನಿ ಕಡೆಯ ಕೆಳಮಟ್ಟದ ಕಾಲುವೆಯಲ್ಲಿ, ಅನಂತಪುರ ಕಡೆಯ ಮೇಲ್ಮಟ್ಟದ ಕಾಲುವೆಯಲ್ಲಿ ನೀರು ಬಿಟ್ಟ ದಿನ ನಾವು ಖುಷಿಪಡುತ್ತೇವೆ. ಸರದಿ ತಪ್ಪಿದ ದಿನ ಬೈಯುತ್ತೇವೆ, ಅದು ಬೇರೆ ಮಾತು! ರೈಲಿಗೆ ಸುರಿಯುವ ಹಣವನ್ನು ನೀರಿಗೆ ಹಾಕಿರೆಂದು ವಾದಿಸಿದ್ದಕ್ಕೆ 1878ರಲ್ಲಿ ಎಪ್ಪತ್ತೈದರ ಈ ಮುದುಕರನ್ನು ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೊಂದು ಕರೆಸಿ ಸವಾಲು ಹಾಕಿತು. ಅವರು ತಮ್ಮ ಮಾತು ಬದಲಿಸಲಿಲ್ಲ.

ಇವರ ಮಗಳು ಎಲಿಜಬೆತ್, ಮದುವೆಯ ನಂತರ ಲೇಡಿ ಹೋಪ್ ಎನಿಸಿಕೊಂಡವರು. ಕೂಲಿಕಾರರನ್ನು ಸಾರಾಯಿಯಿಂದ ಬಿಡಿಸಲೆಂದು ಡಾರ್ಕಿಂಗ್ ಊರಿನಲ್ಲಿ ಕಾಫಿ ಕೋಣೆ ತೆರೆದ ಪುಣ್ಯಾತ್ಮರು. ಆದರೆ 1915ರಲ್ಲಿ ಅವರ ಹೆಸರಿನಲ್ಲಿ ಒಂದು ಕಥೆ ಅಚ್ಚಾಯಿತು: ವಿಜ್ಞಾನಿ ಡಾರ್ವಿನ್ ಕೊನೆಗಾಲದಲ್ಲಿ ಬೈಬಲ್ ಹಿಡಿದು ತಮ್ಮ ಸಿದ್ಧಾಂತಕ್ಕಾಗಿ ಮರುಗಿದರು ಎಂದು. ತಂದೆಯ ಕೊನೆಯ ಕಾಯಿಲೆಯಲ್ಲಿ ಲೇಡಿ ಹೋಪ್ ಬಳಿಯಲ್ಲಿ ಇರಲೇ ಇಲ್ಲ ಎಂದು ಡಾರ್ವಿನ್ನರ ಮಗಳು 1922ರಲ್ಲಿ ಬರೆದು ತಿಳಿಸಿದರು. ಆ ಕಥೆ ಮಾತ್ರ ಇಂದಿಗೂ ಕ್ರೈಸ್ತರ ನಡುವೆ ಓಡಾಡುತ್ತಿದೆ. ಒಳ್ಳೆಯ ಮನೆತನದವರು ಹೇಳಿದರೆಂದು ಮಾತು ನಿಜವಾಗುವುದಿಲ್ಲ. ನಮ್ಮ ವಿಶ್ವಾಸಕ್ಕೆ ಸುಳ್ಳಿನ ಆಸರೆಯೂ ಬೇಕಿಲ್ಲ.

ಜಾರ್ಜ್ ಕಾಟನ್ (1813–1866) ಹುಟ್ಟಿದ ಕೆಲವೇ ದಿನಗಳಲ್ಲಿ ಸೈನಿಕನಾಗಿದ್ದ ತಂದೆ ಯುದ್ಧದಲ್ಲಿ ತೀರಿಕೊಂಡರು. ತಂದೆಯ ಮುಖ ಕಾಣದ ಆ ಕೂಸು ಮುಂದೆ ಶಾಲಾಮಾಸ್ತರರಾಗಿ, 1858ರಲ್ಲಿ ಕಲ್ಕತ್ತೆಯ ಆಂಗ್ಲಿಕನ್ ಧರ್ಮಾಧ್ಯಕ್ಷರಾದರು. ಐರೋಪ್ಯ ಮತ್ತು ಆಂಗ್ಲೋ–ಇಂಡಿಯನ್ ಮಕ್ಕಳಿಗಾಗಿ ಶಾಲೆಗಳನ್ನು ಕಟ್ಟಲು ಓಡಾಡಿದರು. ಶಿಮ್ಲಾ (1859), ನಾಗಪುರ, ಬೆಂಗಳೂರು (1865) ಶಾಲೆಗಳು ಇವರ ಹೆಸರು ಹೊತ್ತಿವೆ. 1866ರ ಅಕ್ಟೋಬರ್ 6ರಂದು ಈಗಿನ ಬಾಂಗ್ಲಾದೇಶದ ಕುಷ್ಟಿಯಾದಲ್ಲಿ ಸಮಾಧಿ ಭೂಮಿಯೊಂದನ್ನು ಆಶೀರ್ವದಿಸಿ ದೋಣಿಗೆ ಹಿಂದಿರುಗುವಾಗ ಕಾಲು ಜಾರಿ ನದಿಗೆ ಬಿದ್ದರು. ಶವ ಸಿಗಲಿಲ್ಲ. ಅವರಿಗೊಂದು ಸಮಾಧಿಯಿಲ್ಲ, ಜನರಲ್ ತಿಮ್ಮಯ್ಯ, ವಿಜ್ಞಾನಿ ರಾಜಾ ರಾಮಣ್ಣ ಅಂಥವರು ಓದಿದ ಶಾಲೆಯೊಂದು ಅವರ ನೆನಪಿಗೆ ನಿಂತಿದೆ.

ಸರ್ ಹೆನ್ರಿ ಕಾಟನ್ (1845–1915) ಹುಟ್ಟಿದ್ದೇ ಕುಂಭಕೋಣದಲ್ಲಿ. ಅಸ್ಸಾಮಿನ ಚೀಫ್ ಕಮಿಷನರ್ ಆಗಿದ್ದಾಗ ಚಹಾ ತೋಟಗಳ ಕೂಲಿಗಳಿಗೆ ಸಂಬಳ ಹೆಚ್ಚಿಸಿರೆಂದು ಪಟ್ಟುಹಿಡಿದರು. ತೋಟದ ದೊರೆಗಳು, ಅಂದರೆ ಅವರ ಜನವೇ, ತಿರುಗಿಬಿದ್ದರು. ವೈಸರಾಯ್ ಕರ್ಜನ್‌ರಿಂದಲೂ ಪೂರ್ತಿ ಬೆಂಬಲ ಸಿಗಲಿಲ್ಲ. ನಿವೃತ್ತಿಯ ನಂತರ 1904ರಲ್ಲಿ ಮುಂಬಯಿ ಕಾಂಗ್ರೆಸ್ ಅಧಿವೇಶನಕ್ಕೆ ಭಾರತೀಯರು ಇವರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು. 1901ರಲ್ಲಿ ಶುರುವಾದ ಗುವಾಹಟಿಯ ಕಾಟನ್ ಕಾಲೇಜು ಈಗ ಕಾಟನ್ ವಿಶ್ವವಿದ್ಯಾಲಯವಾಗಿದೆ.

ಕೊನೆಯವರು ಅಮೆರಿಕದ ಕಪ್ಪು ಜನರ ಹೆಣ್ಣುಮಗಳು ಡೊರೊತಿ ಕಾಟನ್ (1930–2018). ತಂದೆ ತಂಬಾಕಿನ ಕಾರ್ಖಾನೆಯ ಕೂಲಿ. ಇವರಿಗೆ ಕಾಟನ್ ಹೆಸರು ಬಂದದ್ದು ಗಂಡನ ಕಡೆಯಿಂದ. ಮಾರ್ಟಿನ್ ಲೂಥರ್ ಕಿಂಗರ ಜೊತೆ ದುಡಿದು, ಹಳ್ಳಿಹಳ್ಳಿಯ ಬಡವರಿಗೆ ಓದು ಕಲಿಸಿ, ಓಟಿನ ಹಕ್ಕು ಕೇಳುವ ಧೈರ್ಯ ತುಂಬಿದರು.

ಇಷ್ಟು ಜನರನ್ನು ಸಾಲಾಗಿ ನಿಲ್ಲಿಸಿ ನೋಡಿದರೆ ನಮಗೆ ತೋರುವುದು ಇಷ್ಟೇ. ಹೆಸರು ಒಬ್ಬರಿಗೆ ಹುಟ್ಟಿನಿಂದ ಬಂತು, ಒಬ್ಬರಿಗೆ ತಾಯಿಯ ತವರಿನಿಂದ, ಒಬ್ಬರಿಗೆ ಮದುವೆಯಿಂದ. ಆ ಹೆಸರು ಯಾರನ್ನೂ ದೊಡ್ಡವರನ್ನಾಗಿ ಮಾಡಲಿಲ್ಲ. ಅವರು ದುಡಿದು ಗುಡಿಸಲಿನ ಹೆಸರಿಗೆ ಬೆಲೆ ತಂದರು. ಹೆಸರೇ ಉಳಿಯದ ಕಲ್ಲಣೈಯ ಕಟ್ಟೆಗಾರರು, ಬಾಸ್ಟನ್ನಿನ ಒನೇಸಿಮ ಇವರಿಗಿಂತ ಕಡಿಮೆಯವರಲ್ಲ. ಒನೇಸಿಮನನ್ನು ಗುಲಾಮನೆಂದಲ್ಲ, ತಮ್ಮನೆಂದು ಬರಮಾಡಿಕೋ ಎಂದು ಸಂತ ಪೌಲರು ಫಿಲೆಮೋನನನ್ನು ಕೇಳಿಕೊಂಡದ್ದೂ ಇದನ್ನೇ.

ಆದ್ದರಿಂದ ಮಕ್ಕಳೇ, ಅಜ್ಜನ ಹೆಸರಿಗೆ ನಾಚಬೇಡಿರಿ. ಅದು ಕುಲುಮೆಯದಿರಲಿ, ಕುರಿಹಟ್ಟಿಯದಿರಲಿ, ಕೇರಿಯದಿರಲಿ, ಅರ್ಜಿಯಲ್ಲಿ ಪೂರ್ತಿಯಾಗಿ ಬರೆಯಿರಿ. ಈ ತಿಂಗಳು ಒಂದು ಸಂಜೆ ಮನೆಯ ಹಿರಿಯರ ಬಳಿ ಕುಳಿತು ಅದರ ಅರ್ಥವನ್ನು, ಅದನ್ನು ಹೊತ್ತು ಬಾಳಿದವರ ಕಥೆಯನ್ನು ಕೇಳಿ ಬರೆದಿಡಿರಿ. ಹಿರಿಯರಿಗೂ ಒಂದು ಮಾತು. ಮಗಳಿಗೆ ಸಂಬಂಧ ಬಂದಾಗ ‘ಯಾವ ಮನೆತನ?’ ಎಂದು ಕೇಳುವ ಮೊದಲು, ‘ಹುಡುಗ ಹೆತ್ತವರನ್ನು ಹೇಗೆ ನೋಡಿಕೊಳ್ಳುತ್ತಾನೆ? ದುಡಿಯುತ್ತಾನೆಯೇ? ಕುಡಿಯುತ್ತಾನೆಯೇ?’ ಎಂದು ಕೇಳಿರಿ. ನಾಳೆ ನಿಮ್ಮ ಮಗಳು ಸಂಸಾರ ಮಾಡಬೇಕಾದದ್ದು ಅವನೊಡನೆ, ಅವನ ಹೆಸರಿನೊಡನೆ ಅಲ್ಲ.